ಹಳೆಯ ಕ್ಲಾರಿನೆಟ್‌ನ ಮಾದರಿ ಮತ್ತು ಕಾಲ: ಸೀರಿಯಲ್ ನಂಬರ್ ಓದುವ ಕ್ರಮ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಬ್ಯಾಂಡ್ ಕಂಪನಿಗಳಲ್ಲಿ ಕೈಯಿಂದ ಕೈಗೆ ದಾಟುತ್ತ ಬಂದಿರುವ ಹಳೆಯ ಕ್ಲಾರಿನೆಟ್‌ಗಳಿಗೆ ಸಾಮಾನ್ಯವಾಗಿ ಬಿಲ್ ಇರುವುದಿಲ್ಲ, ಕ್ಯಾಟಲಾಗ್ ಇರುವುದಿಲ್ಲ, ಮೊದಲು ಕೊಂಡ ಮಾಸ್ತರರು ಯಾರೆಂಬುದೂ ಎಷ್ಟೋ ವೇಳೆ ಗೊತ್ತಿರುವುದಿಲ್ಲ. ಮಾರುವವರು "ಫ್ರಾನ್ಸಿನ ಮಾಲು, ನೂರು ವರ್ಷದ್ದು" ಎಂದು ಹೇಳಿದರೆ ಅದನ್ನು ಒಪ್ಪಬೇಕೋ ಬಿಡಬೇಕೋ ತಿಳಿಯದೆ ಕೊಳ್ಳುವವರು ಬೆಲೆ ಕಟ್ಟುತ್ತಾರೆ. ಸರಿಯಾದ ಪ್ಯಾಡ್ ತರಿಸಲು, ಮುರಿದ ಕೀಗೆ ಬದಲಿ ಹುಡುಕಲು, ಕಳವಾದಾಗ ದೂರು ಬರೆಸಲು, ಎಲ್ಲಕ್ಕಿಂತ ಮೊದಲು ಈ ವಾದ್ಯ ಇತರ ವಾದ್ಯಗಳೊಂದಿಗೆ ಶ್ರುತಿಗೆ ಕೂಡುತ್ತದೆಯೇ ಎಂದು ತಿಳಿಯಲು, ಅದು ಯಾರ ತಯಾರಿಕೆ, ಯಾವ ಮಾದರಿ, ಯಾವ ಕಾಲದ್ದು ಎಂಬುದು ಗೊತ್ತಿರಲೇಬೇಕು. ಆ ಮೂರನ್ನೂ ಮನೆಯಲ್ಲೇ ಕುಳಿತು ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಆರಂಭದಲ್ಲೇ ಒಂದು ಮಾತು ಸ್ಪಷ್ಟವಿರಲಿ. ವಾದ್ಯದ ಮೇಲೆ ಒತ್ತಿರುವ ಸೀರಿಯಲ್ ನಂಬರ್ ತಾನಾಗಿಯೇ ಏನನ್ನೂ ಹೇಳುವುದಿಲ್ಲ. ಮೋಟಾರು ವಾಹನದ ಚಾಸಿ ನಂಬರ್ ಕಂಪನಿಯ ದಾಖಲೆಯ ಪಕ್ಕದಲ್ಲಿಟ್ಟಾಗ ಮಾತ್ರ ಅರ್ಥ ಕೊಡುವ ಹಾಗೆ, ಕ್ಲಾರಿನೆಟ್‌ನ ನಂಬರ್ ಕೂಡ ಅದನ್ನು ತಯಾರಿಸಿದ ಕಂಪನಿಯ ಪಟ್ಟಿಯೊಂದಿಗೆ ಹೊಂದಿಸಿದಾಗಲೇ ವರ್ಷವಾಗಿ ಬದಲಾಗುತ್ತದೆ. ಎಲ್ಲ ಕಂಪನಿಗಳಿಗೂ ಸಾಮಾನ್ಯವಾದ ಎಣಿಕೆ ಎಂಬುದು ಇಲ್ಲ. ಒಂದೇ ಕಂಪನಿ ತನ್ನ ಬೇರೆ ಬೇರೆ ದರ್ಜೆಯ ವಾದ್ಯಗಳಿಗೆ ಬೇರೆ ಬೇರೆ ಎಣಿಕೆ ಇಟ್ಟುಕೊಂಡಿರುವುದೂ ಉಂಟು. ಆದ್ದರಿಂದ ಕಂಪನಿ, ಕೀಗಳ ಪದ್ಧತಿ, ಶ್ರುತಿ ಮತ್ತು ಮೈಯ ವಸ್ತು ಇವುಗಳನ್ನು ಗುರುತಿಸಿಕೊಂಡ ಮೇಲೆ ಕೊನೆಯಲ್ಲಿ ನಂಬರಿಗೆ ಬರಬೇಕು. ನಂಬರ್ ಕಂಡೊಡನೆ ಮೊಬೈಲಿನಲ್ಲಿ ಹುಡುಕಲು ಕೂರುವವರು ಬೇರೊಂದು ಕಂಪನಿಯ ಪಟ್ಟಿಯಲ್ಲಿ ತಮ್ಮ ಸಂಖ್ಯೆಯನ್ನು ಕಂಡು ಅದನ್ನೇ ನಂಬಿಬಿಡುತ್ತಾರೆ.

ಬಿಚ್ಚುವುದು, ಒರೆಸುವುದು

ಕ್ಲಾರಿನೆಟ್‌ಗೆ ಐದು ಭಾಗಗಳು: ಮೌತ್‌ಪೀಸ್, ಬ್ಯಾರೆಲ್, ಮೇಲಿನ ಜಾಯಿಂಟ್, ಕೆಳಗಿನ ಜಾಯಿಂಟ್, ಬೆಲ್. ನಂಬರ್ ನೋಡಲು ಇವೆಲ್ಲವನ್ನೂ ಬಿಡಿಸಬೇಕು. ಎರಡು ಜಾಯಿಂಟ್‌ಗಳ ನಡುವೆ ಸೇತುವೆಯಂತೆ ಚಾಚಿರುವ ಕೀ ಒಂದಿರುತ್ತದೆ. ಬೋಮ್ ಎಂಬ ಕೀ ಪದ್ಧತಿಯ (ಅದರ ಗುರುತು ಮುಂದೆ ಹೇಳಿದ್ದೇನೆ) ವಾದ್ಯವಾದರೆ ಮೇಲಿನ ಜಾಯಿಂಟ್‌ನ ಬೆರಳಿಡುವ ರಂಧ್ರಗಳ ಸುತ್ತಲಿನ ಉಂಗುರಗಳನ್ನು ಒತ್ತಿ ಹಿಡಿದು, ಆ ಕೀ ಮೇಲೆದ್ದಿರುವಾಗ ಮಾತ್ರ ಮೆಲ್ಲನೆ ತಿರುಗಿಸಿ ಬಿಡಿಸಬೇಕು; ಹಾಗೆಯೇ ಎಳೆದರೆ ಕೀ ಬಾಗುತ್ತದೆ. ಬಹಳ ದಿನ ಬಿಚ್ಚದೆ ಬಿಗಿದುಕೊಂಡ ವಾದ್ಯವಿದ್ದರೆ ಬಲ ಹಾಕಬಾರದು, ರಿಪೇರಿ ಬಲ್ಲವರಲ್ಲಿಗೆ ಒಯ್ಯಬೇಕು. ಕೀಗಳನ್ನು ಬಿಚ್ಚುವ ಅಗತ್ಯ ಈ ಕೆಲಸಕ್ಕೆ ಬರುವುದೇ ಇಲ್ಲ.

ನಮ್ಮ ಕಡೆಯ ವಾದ್ಯಗಳಲ್ಲಿ ಅಕ್ಷರಗಳು ಕಾಣದಿರಲು ಒಂದು ವಿಶೇಷ ಕಾರಣವಿದೆ. ಪ್ರತಿ ವರ್ಷ ಖಂಡೇನವಮಿಯಂದು ವಾದ್ಯಗಳಿಗೆ ಪೂಜೆ ಮಾಡಿ ಹಚ್ಚುವ ವಿಭೂತಿ, ಕುಂಕುಮ ಮತ್ತು ಅದರ ಮೇಲೆ ಬೀಳುವ ಎಣ್ಣೆ ಸೇರಿ ಕೊರೆದ ಅಂಕಿಗಳ ಒಳಗೆ ಗಟ್ಟಿಯಾಗಿ ಕೂತಿರುತ್ತವೆ. ಮೆದು ಕೂದಲಿನ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ, ಒಣದಾಗಿಯೇ, ಅಂಕಿಗಳ ಉದ್ದಕ್ಕೆ ಸವರಿದರೆ ಇದು ಪುಡಿಯಾಗಿ ಉದುರುತ್ತದೆ. ನೀರು, ಸೀಮೆಎಣ್ಣೆ, ಹಿತ್ತಾಳೆ ಬೆಳಗುವ ಪಾಲಿಶ್ ಯಾವುದನ್ನೂ ಮರಕ್ಕೆ ತಾಗಿಸಬಾರದು; ಚಾಕುವಿನ ತುದಿಯಿಂದ ಅಂಕಿಗಳನ್ನು ಕೆರೆಯಲೇಬಾರದು, ಏಕೆಂದರೆ ಕೆರೆದ ನಂಬರ್ ಮುಂದೆ ಯಾರ ಕಣ್ಣಿಗೂ ತಿದ್ದಿದ ನಂಬರಿನಂತೆಯೇ ಕಾಣುತ್ತದೆ. ಇಷ್ಟಾದರೂ ಅಂಕಿ ಮಸುಕಾಗಿದ್ದರೆ ಕೋಣೆಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ವಾದ್ಯದ ಮೈಗೆ ಬಹುತೇಕ ತಾಗುವಂತೆ ಪಕ್ಕದಿಂದ ಅಡ್ಡಲಾಗಿ ಹಿಡಿಯಬೇಕು. ನೇರ ಬೆಳಕಿನಲ್ಲಿ ಮಾಯವಾಗಿದ್ದ ಗೀರುಗಳು ನೆರಳು ಬಿದ್ದು ಎದ್ದು ಕಾಣುತ್ತವೆ. 3 ಮತ್ತು 8, 1 ಮತ್ತು 7 ಇವುಗಳ ಗೊಂದಲ ತೀರುವುದು ಈ ಅಡ್ಡ ಬೆಳಕಿನಲ್ಲೇ. ಒಣ ವಿಭೂತಿಯ ಪುಡಿಯನ್ನೇ ಬೆರಳಿನಿಂದ ತೆಳ್ಳಗೆ ಸವರಿ ಬಟ್ಟೆಯಿಂದ ಮೇಲ್ಮೈ ಒರೆಸಿದರೆ ಕರಿಯ ಮೈಯಲ್ಲಿ ಅಂಕಿಗಳು ಬೆಳ್ಳಗೆ ಮೂಡುತ್ತವೆ. ಆಗಲೇ ಫೋಟೋ ತೆಗೆದಿಟ್ಟುಕೊಂಡು ಪುಡಿಯನ್ನು ಬ್ರಶ್‌ನಿಂದ ತೆಗೆದುಬಿಡಬೇಕು.

ಯಾವುದು ನಂಬರ್, ಯಾವುದು ಅಲ್ಲ

ಸೀರಿಯಲ್ ನಂಬರ್ ಸಾಮಾನ್ಯವಾಗಿ ವಾದ್ಯದ ಹಿಂಬದಿಯಲ್ಲಿ, ಅಂದರೆ ಹೆಬ್ಬೆರಳು ಕೂರುವ ಬದಿಯಲ್ಲಿರುತ್ತದೆ: ಮೇಲಿನ ಜಾಯಿಂಟ್‌ನಲ್ಲಿ ಕೆಳ ತುದಿಯ ಹತ್ತಿರ, ಕೆಳಗಿನ ಜಾಯಿಂಟ್‌ನಲ್ಲಿ ಬಲಗೈ ಹೆಬ್ಬೆರಳಿನ ಆಸರೆಯ ಆಸುಪಾಸಿನಲ್ಲಿ. ವೃತ್ತಿಪರರಿಗಾಗಿ ತಯಾರಾದ ವಾದ್ಯಗಳಲ್ಲಿ ಎರಡೂ ಜಾಯಿಂಟ್‌ಗಳ ಮೇಲೆ ಒಂದೇ ನಂಬರ್ ಇರುವುದು ವಾಡಿಕೆ. ಕೆಲವು ವಿದ್ಯಾರ್ಥಿ ಮಾದರಿಗಳಲ್ಲಿ ಒಂದೇ ಕಡೆ ಇರಬಹುದು. ಎರಡೂ ಕಡೆ ನಂಬರ್ ಇದ್ದು ಅವು ಬೇರೆ ಬೇರೆಯಾಗಿದ್ದರೆ, ಅದು ಎರಡು ವಾದ್ಯಗಳಿಂದ ಕೂಡಿಸಿದ ಕ್ಲಾರಿನೆಟ್ ಎಂದು ತಿಳಿಯಬೇಕು. ವಿಜಯಪುರದ ಒಣ ಬೇಸಿಗೆಯಲ್ಲಿ ಮರದ ಮೇಲಿನ ಜಾಯಿಂಟ್ ಸೀಳು ಬಿಟ್ಟಾಗ ಬೇರೊಂದು ವಾದ್ಯದ ಜಾಯಿಂಟ್ ಹಾಕಿ ಬಾರಿಸುವುದು ಅಸಹಜವೇನಲ್ಲ. ಅಂಥ ವಾದ್ಯ ನುಡಿಯಬಹುದು, ಆದರೆ ಅದಕ್ಕೆ ಒಂದು ವಯಸ್ಸು ಹೇಳಲು ಬರುವುದಿಲ್ಲ, ಬೆಲೆಯೂ ಕಡಿಮೆಯಾಗಲೇಬೇಕು.

ಹೆಚ್ಚು ಜನ ಎಡವುವುದು ಬೇರೆ ಸಂಖ್ಯೆಗಳನ್ನು ಸೀರಿಯಲ್ ನಂಬರ್ ಎಂದು ತಿಳಿಯುವುದರಲ್ಲಿ. ಬ್ಯಾರೆಲ್ ಮೇಲೆ 65 ಅಥವಾ 66 ಎಂದಿದ್ದರೆ ಅದು ಬ್ಯಾರೆಲಿನ ಉದ್ದ, ಮಿಲಿಮೀಟರ್ ಲೆಕ್ಕದಲ್ಲಿ. ಮೌತ್‌ಪೀಸ್ ಮೇಲೆ ಬಿ45 ಎಂದಿದ್ದರೆ ಅದು ವ್ಯಾಂಡೊರೆನ್ ಕಂಪನಿಯ ಮೌತ್‌ಪೀಸಿನ ಮಾದರಿ, 4ಸಿ ಎಂದಿದ್ದರೆ ಯಮಾಹಾದ್ದು. ಮೌತ್‌ಪೀಸ್ ಸುಲಭವಾಗಿ ಬದಲಾಗುವ ವಸ್ತುವಾದ್ದರಿಂದ ಅದರಿಂದ ವಾದ್ಯದ ಗುರುತು ಸಿಗುವುದಿಲ್ಲ. ವಿದ್ಯಾರ್ಥಿ ವಾದ್ಯಗಳ ಮೇಲಿನ ನಾಲ್ಕಂಕಿಯ ಸಂಖ್ಯೆ ಎಷ್ಟೋ ವೇಳೆ ಮಾದರಿಯ ಸಂಖ್ಯೆಯಾಗಿರುತ್ತದೆ. ಫ್ರೆಂಚ್ ವಾದ್ಯಗಳ ಮೇಲೆ ಕಾಣುವ ಎಸ್.ಜಿ.ಡಿ.ಜಿ. ಎಂಬ ನಾಲ್ಕಕ್ಷರ ಅಲ್ಲಿನ ಹಳೆಯ ಪೇಟೆಂಟ್ ಗುರುತು; 1968ರ ಹೊತ್ತಿಗೆ ಅದರ ಬಳಕೆ ನಿಂತುಹೋಯಿತಾದ್ದರಿಂದ ಅದಿರುವ ವಾದ್ಯ ಅದಕ್ಕಿಂತ ಈಚಿನದಾಗಿರಲಾರದು.

ಬೆಳಗಾವಿಯಲ್ಲಿ ಇನ್ನೊಂದು ಬಗೆಯ ಸಂಖ್ಯೆಯೂ ಎದುರಾಗಬಹುದು. ಇದು ದಂಡಿನ ಊರು. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಇಲ್ಲಿದೆ. ಸೈನ್ಯದ ಬ್ಯಾಂಡ್‌ಗಳಲ್ಲಿ ಬಳಕೆಯಾದ ವಾದ್ಯಗಳ ಮೇಲೆ ದಾಸ್ತಾನಿನ ಸಂಖ್ಯೆಯನ್ನು ಪ್ರತ್ಯೇಕವಾಗಿ ಕೊರೆಯುವ ಪದ್ಧತಿಯಿತ್ತು. ಬೆಲ್ ಮೇಲೆ ಅಥವಾ ಲೋಹದ ಉಂಗುರದ ಮೇಲೆ, ಕಂಪನಿಯ ಅಚ್ಚಿಗಿಂತ ಬೇರೆಯಾದ, ಒರಟು ಕೈಬರಹದ ಸಂಖ್ಯೆ ಇದ್ದರೆ ಅದು ಬಹುಶಃ ದಾಸ್ತಾನಿನ ಸಂಖ್ಯೆ. ಮೇಲ್ಮುಖವಾದ ಮೂರು ಗೆರೆಗಳ ಬಾಣದ ಗುರುತು ಇದ್ದರೆ ಅದು ಬ್ರಿಟಿಷ್ ಸರಕಾರದ ಸ್ವತ್ತಾಗಿತ್ತು ಎಂದರ್ಥ.

ಕಂಪನಿಯ ಹೆಸರೇ ಅರ್ಧ ಕಾಲ ಹೇಳುತ್ತದೆ

ಮೇಲಿನ ಜಾಯಿಂಟ್, ಬ್ಯಾರೆಲ್, ಬೆಲ್ ಈ ಮೂರರ ಮೇಲಿನ ಮುದ್ರೆಯನ್ನು ಅಕ್ಷರ ಬಿಡದೆ ಬರೆದುಕೊಳ್ಳಬೇಕು. ಈ ಹೆಜ್ಜೆಯೇ ಅತ್ಯಂತ ಫಲಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಕಂಪನಿಗಳು ಕೂಡಿದಾಗ, ಒಡೆದಾಗ, ದೇಶಗಳ ಹೆಸರು ಬದಲಾದಾಗ ಮುದ್ರೆಯೂ ಬದಲಾಗಿದೆ.

ಲಂಡನ್ನಿನ ಬೂಸಿ ಕಂಪನಿ ಮತ್ತು ಹಾಕ್ಸ್ ಅಂಡ್ ಸನ್ ಕಂಪನಿ 1930ರಲ್ಲಿ ಒಂದಾದವು. ಆದ್ದರಿಂದ ಹಾಕ್ಸ್ ಅಂಡ್ ಸನ್ ಎಂದು ಮಾತ್ರ ಇರುವ ಕ್ಲಾರಿನೆಟ್ ಆ ಕೂಡಿಕೆಗಿಂತ ಹಿಂದಿನದು. ಬೂಸಿ ಅಂಡ್ ಹಾಕ್ಸ್ ಎಂದಿರುವುದು ನಂತರದ್ದು. ಬ್ರಿಟಿಷರ ಕಾಲದ ಬ್ಯಾಂಡ್‌ಗಳ ಮೂಲಕ ಬಂದ ವಾದ್ಯಗಳಲ್ಲಿ ಈ ಕಂಪನಿಯವು ಸಿಗುವುದರಿಂದ ಈ ಒಂದು ಇಸವಿಯನ್ನು ನೆನಪಿಡಬೇಕು. ಅಮೆರಿಕದ ಕೆನೋಶಾದಲ್ಲಿ ಲೆಬ್ಲಾಂಕ್ ಕಂಪನಿಯ ಶಾಖೆ ಆರಂಭವಾದದ್ದು 1946ರಲ್ಲಿ. ಕೆನೋಶಾ ಎಂಬ ಊರಿನ ಹೆಸರಿದ್ದರೆ ವಾದ್ಯ ಅದಕ್ಕಿಂತ ಹಳೆಯದಲ್ಲ. ಜೆಕೊಸ್ಲೊವಾಕಿಯಾ ಎಂಬ ದೇಶ 1918ರಿಂದ 1992ರ ಕೊನೆಯವರೆಗೆ ಇತ್ತು. ಪಶ್ಚಿಮ ಜರ್ಮನಿ ಎಂದಿದ್ದರೆ 1949 ಮತ್ತು 1990ರ ನಡುವಿನದು. ನಾಡಿನ ಹೆಸರೇ ಇಲ್ಲದೆ ಪ್ಯಾರಿಸ್ ಎಂಬ ಪದ ಮಾತ್ರ ಇದ್ದರೆ ಎಚ್ಚರ ಬೇಕು. ಕಾರ್ಖಾನೆಯೊಂದು ತಯಾರಿಸಿದ ವಾದ್ಯಕ್ಕೆ ಅಂಗಡಿಯವರು ತಮ್ಮ ಹೆಸರು ಹಾಕಿಸಿ ಮಾರುವ ಪದ್ಧತಿ ಹಿಂದಿನಿಂದಲೂ ಇದೆ. ಅಂಥ ವಾದ್ಯದ ನಂಬರ್ ಆ ಅಂಗಡಿಯ ಹೆಸರಿನಲ್ಲಿ ಹುಡುಕಿದರೆ ಎಲ್ಲಿಯೂ ಸಿಗುವುದಿಲ್ಲ.

ಕೀ, ಶ್ರುತಿ, ಮೈ

ಕೀಗಳ ಪದ್ಧತಿ ತಿಳಿಯಲು ಕಿರುಬೆರಳುಗಳ ಜಾಗ ನೋಡಿದರೆ ಸಾಕು. ಬಲಗೈ ಕಿರುಬೆರಳಿಗೆ ನಾಲ್ಕು, ಎಡಗೈ ಕಿರುಬೆರಳಿಗೆ ಮೂರು ಕೀಗಳಿದ್ದರೆ ಅದು ಬೋಮ್ ಪದ್ಧತಿ. ಒಟ್ಟು 17 ಕೀ, 6 ಉಂಗುರ. ಕ್ಲೋಸೆ ಎಂಬ ವಾದಕರೂ ಲೂಯಿ ಆಗಸ್ಟ್ ಬಫೆ ಎಂಬ ತಯಾರಕರೂ ಕೂಡಿ ರೂಪಿಸಿದ ಈ ಪದ್ಧತಿ 1839ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶಿತವಾಯಿತು. ಕಿರುಬೆರಳುಗಳಿಗೆ ಎರಡೆರಡೇ ಕೀಗಳಿದ್ದು, ಬಲಗಡೆಯ ಎರಡರ ನಡುವೆ ಉರುಳುವ ಸಣ್ಣ ರೋಲರ್‌ಗಳಿದ್ದರೆ ಅದು ಆಲ್ಬರ್ಟ್ ಅಥವಾ ಸರಳ ಪದ್ಧತಿ. ಸಾಮಾನ್ಯವಾಗಿ 13 ಕೀಗಳಿರುತ್ತವೆ. ಆಲ್ಬರ್ಟ್ ಎಂದೊಡನೆ ನೂರು ವರ್ಷದ್ದೆಂದು ತೀರ್ಮಾನಿಸಬಾರದು; ಬೋಮ್ ಬಂದ ಮೇಲೂ ಅನೇಕ ದಶಕಗಳ ಕಾಲ ಇವು ತಯಾರಾಗುತ್ತಲೇ ಇದ್ದವು.

ಶ್ರುತಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹಣ ಕೊಟ್ಟು ಪಶ್ಚಾತ್ತಾಪ ಪಡುವುದು ಇಲ್ಲಿಯೇ. ಬ್ರಿಟಿಷ್ ಸೈನ್ಯದ ಬ್ಯಾಂಡ್‌ಗಳು 1920ರ ದಶಕದ ಕೊನೆಯವರೆಗೆ ಎ ಸ್ವರಕ್ಕೆ ಸೆಕೆಂಡಿಗೆ ಸುಮಾರು 452.5 ಕಂಪನಗಳ ಎತ್ತರದ ಶ್ರುತಿಯಲ್ಲಿ ನುಡಿಸುತ್ತಿದ್ದವು. ಇಂದಿನ ಶ್ರುತಿ 440. ಇವೆರಡರ ಅಂತರ ಅರ್ಧಸ್ವರದ ಸುಮಾರು ಅರ್ಧದಷ್ಟು. ಎತ್ತರದ ಶ್ರುತಿಗೆ ತಯಾರಾದ ಕ್ಲಾರಿನೆಟ್ ಇಂದಿನದಕ್ಕಿಂತ ಒಂದೂವರೆಯಿಂದ ಎರಡು ಸೆಂಟಿಮೀಟರ್ ಗಿಡ್ಡವಾಗಿರುತ್ತದೆ, ಬ್ಯಾರೆಲ್ ಎಷ್ಟು ಎಳೆದರೂ ಎಲ್ಲ ಸ್ವರಗಳು ಸಮನಾಗಿ ಇಳಿಯುವುದಿಲ್ಲ. ಇಂಥವುಗಳ ಮೇಲೆ ಎಚ್.ಪಿ. ಎಂದೂ ತಗ್ಗಿನ ಶ್ರುತಿಯವುಗಳ ಮೇಲೆ ಎಲ್.ಪಿ. ಎಂದೂ ಎಷ್ಟೋ ವೇಳೆ ಒತ್ತಿರುತ್ತಾರೆ. ಮುದ್ರೆ ಇಲ್ಲದಿದ್ದರೆ ನುಡಿಸಿಯೇ ನೋಡಬೇಕು. ಬಿ-ಫ್ಲ್ಯಾಟ್ ಕ್ಲಾರಿನೆಟ್‌ನಲ್ಲಿ ಸಿ ಎಂದು ಬರೆದ ಸ್ವರ ಹಾರ್ಮೋನಿಯಂನ ಕರಿ ಐದಕ್ಕೆ ಕೂಡಬೇಕು; ಎ ಕ್ಲಾರಿನೆಟ್ ಆದರೆ ಬಿಳಿ ಆರಕ್ಕೆ. ಹಾರ್ಮೋನಿಯಂನ ಶ್ರುತಿ ತಾನೇ ಜಾರಿರುವ ಸಂಭವವಿರುವುದರಿಂದ ಮೊಬೈಲಿನ ಟ್ಯೂನರ್ ಆ್ಯಪ್‌ನಲ್ಲಿ, ವಾದ್ಯವನ್ನು ಕೆಲವು ನಿಮಿಷ ನುಡಿಸಿ ಬೆಚ್ಚಗಾದ ಮೇಲೆ ಪರೀಕ್ಷಿಸುವುದು ಲೇಸು. ಪಂಡಿತ ನರಸಿಂಹಲು ವಡವಾಟಿ ಅವರಂಥ ಕಲಾವಿದರಿಂದ ಹಿಂದೂಸ್ತಾನಿ ಸಂಗೀತದಲ್ಲಿ ಕ್ಲಾರಿನೆಟ್‌ಗೆ ನಮ್ಮ ಸೀಮೆಯಲ್ಲಿ ದೊಡ್ಡ ಗೌರವ ಬಂದಿದೆ. ಆ ದಾರಿಯಲ್ಲಿ ಕಲಿಯಬಯಸುವ ಹುಡುಗರ ಕೈಗೆ ಎಚ್.ಪಿ. ವಾದ್ಯ ಕೊಟ್ಟರೆ ತಂಬೂರಿ, ಹಾರ್ಮೋನಿಯಂ ಯಾವುದರೊಂದಿಗೂ ಕೂಡದೆ ಅವರು ತಮ್ಮ ಕಿವಿಯನ್ನೇ ದೂರುತ್ತ ಕೂರುತ್ತಾರೆ.

ಮೈ ಯಾವ ವಸ್ತುವಿನದು ಎಂದು ನೋಡಲು ಕಾರ್ಕ್ ಕೂರುವ ತುದಿಯ ಅಂಚನ್ನೂ ಒಳರಂಧ್ರವನ್ನೂ ಪರೀಕ್ಷಿಸಬೇಕು. ಉತ್ತಮ ಕ್ಲಾರಿನೆಟ್‌ಗಳು ಗ್ರೆನಡಿಲ್ಲಾ ಎಂಬ ಆಫ್ರಿಕಾದ ಕರಿಮರದವು. ನಮ್ಮ ಬೀಟೆಯೂ ಇದೂ ಒಂದೇ ಕುಲಕ್ಕೆ ಸೇರಿದವು. ಟಾರ್ಚ್ ಹಿಡಿದರೆ ಉದ್ದಕ್ಕೆ ಸಾಗಿದ ನವಿರಾದ ಎಳೆಗಳು ಕಾಣುತ್ತವೆ. ಪ್ಲಾಸ್ಟಿಕ್‌ನಲ್ಲಿ ಎಳೆ ಇರುವುದಿಲ್ಲ. ಎಬೊನೈಟ್ ಎಂಬ ಗಟ್ಟಿ ರಬ್ಬರ್ ಬಿಸಿಲಿಗೆ ಕಂದು ಹಸಿರಾಗಿ ಮಾಸಿರುತ್ತದೆ, ಬೆರಳಿನಿಂದ ಜೋರಾಗಿ ಉಜ್ಜಿದರೆ ಗಂಧಕದ ವಾಸನೆ ಬರುತ್ತದೆ.

ನಂಬರನ್ನು ಪಟ್ಟಿಗೆ ಹೊಂದಿಸುವುದು

ಬಫೆ ಕ್ರಾಂಪನ್ ವಾದ್ಯವಾದರೆ ಕಂಪನಿಯ ಜಾಲತಾಣದಲ್ಲೇ ನಂಬರ್ ಕೊಟ್ಟು ವರ್ಷ ನೋಡುವ ಸೌಲಭ್ಯವಿದೆ. ಆದರೆ ಆ ಕಂಪನಿಯ ವೃತ್ತಿಪರ ವಾದ್ಯಗಳ ಎಣಿಕೆ ಬೇರೆ, ಜರ್ಮನಿಯಲ್ಲಿ ತಯಾರಾದ ಇ11, ಬಿ12ರಂಥ ವಿದ್ಯಾರ್ಥಿ ಮಾದರಿಗಳ ಎಣಿಕೆ ಬೇರೆ. ಎವೆಟ್ ಎಂಬ ಹೆಸರಿನವು ಅದೇ ಕಂಪನಿಯ ಎರಡನೆಯ ದರ್ಜೆಯವು. ಅವುಗಳನ್ನೂ ಮುಖ್ಯ ಪಟ್ಟಿಯೊಂದಿಗೆ ಹೊಂದಿಸಬಾರದು. ರಾಬರ್ಟ್ ಕಾರೆ ಅವರು ರೂಪಿಸಿ 1955ರ ಹೊತ್ತಿಗೆ ಹೊರಬಂದ ಆರ್13 ಜಗತ್ತಿನ ಅತ್ಯಂತ ಪ್ರಸಿದ್ಧ ಮಾದರಿಗಳಲ್ಲಿ ಒಂದು. ಹಳೆಯ ಆರ್13ಗಳ ಮೇಲೆ ಆ ಹೆಸರು ಇರುವುದಿಲ್ಲ, ಕಂಪನಿಯ ಮುದ್ರೆ ಮತ್ತು ನಂಬರ್ ಮಾತ್ರ ಇರುತ್ತವೆ. ಹೆಸರಿಲ್ಲವೆಂದು ಒಳ್ಳೆಯ ವಾದ್ಯವನ್ನು ಬಿಡಬಾರದು. ಹೆಸರಿಲ್ಲದ ಬಫೆಯೆಲ್ಲ ಆರ್13 ಎಂಬ ಮಾತನ್ನೂ ನಂಬಬಾರದು.

ಪ್ಯಾರಿಸ್ಸಿನ ಸೆಲ್ಮರ್ ಕಂಪನಿ ನಂಬರಿನ ಮುಂದೆ ಒಂದು ಇಂಗ್ಲಿಷ್ ಅಕ್ಷರ, ಅನಂತರ ನಾಲ್ಕು ಅಂಕಿಗಳನ್ನು ಇಡುತ್ತಿತ್ತು. ಕಾಲ ಹೇಳುವುದು ಆ ಅಕ್ಷರ. ಅಂಕಿಗಳು ಆ ಸರಣಿಯ ಒಳಗಿನ ಕ್ರಮ. ಕ್ಯೂ, ಆರ್, ಎಸ್ ಅಕ್ಷರಗಳು 1950ರ ದಶಕದವು, ಸೆಂಟರ್ಡ್ ಟೋನ್ ಎಂಬ ಹೆಸರಾಂತ ಮಾದರಿಯ ಕಾಲದವು. ಅಕ್ಷರ ಬಿಟ್ಟು ಅಂಕಿಗಳನ್ನಷ್ಟೇ ಬರೆದುಕೊಂಡು ಬಂದರೆ ಏನೂ ಹೇಳಲಾಗುವುದಿಲ್ಲ. ಬಂಡಿ ಎಂಬ ಹೆಸರಿನ ಪ್ಲಾಸ್ಟಿಕ್ ಕ್ಲಾರಿನೆಟ್‌ಗಳು ಅಮೆರಿಕದ ಸೆಲ್ಮರ್ ಕಂಪನಿಯ ವಿದ್ಯಾರ್ಥಿ ವಾದ್ಯಗಳು. ಅವುಗಳಿಗೆ ಪ್ಯಾರಿಸ್ಸಿನ ಪಟ್ಟಿ ಅನ್ವಯಿಸುವುದಿಲ್ಲ. ಲೆಬ್ಲಾಂಕ್ ಮನೆತನದಲ್ಲಿ ಸಾಮಾನ್ಯವಾಗಿ ನೋಬ್ಲೆ ಮತ್ತು ನಾರ್ಮಂಡಿ ಮರದವು, ವಿಟೊ ಪ್ಲಾಸ್ಟಿಕ್‌ನದು.

ಯಮಾಹಾದಲ್ಲಿ ನಂಬರಿಗಿಂತ ಮಾದರಿಯ ಸಂಖ್ಯೆಯೇ ಹೆಚ್ಚು ಉಪಯುಕ್ತ, ಅದು ವಾದ್ಯದ ಮೇಲೆ ಸ್ಪಷ್ಟವಾಗಿ ಇರುತ್ತದೆ. 250 ಮಾದರಿಯ ಜಾಗಕ್ಕೆ 255 ಬಂತು. ಇವೆರಡೂ ಪ್ಲಾಸ್ಟಿಕ್‌ನ ವಿದ್ಯಾರ್ಥಿ ಮಾದರಿಗಳು, 450 ಮತ್ತು 650 ಮರದವು. ಕಲಿಕೆಗೆ ಕೊಳ್ಳುವವರಿಗೆ ಇಷ್ಟು ಸಾಕು, ತಯಾರಾದ ಇಸವಿ ಹುಡುಕುತ್ತ ಹೋಗುವುದರಿಂದ ಹೆಚ್ಚಿನ ಲಾಭವಿಲ್ಲ.

ಬೂಸಿ ಅಂಡ್ ಹಾಕ್ಸ್‌ನಲ್ಲಿ ಮಾದರಿಯ ಹೆಸರನ್ನು ಮೊದಲು ಓದಬೇಕು. 1010 ಮತ್ತು ಇಂಪೀರಿಯಲ್ 926 ವೃತ್ತಿಪರರಿಗೆ, ಎಂಪರರ್ ನಡುವಿನ ದರ್ಜೆ, ಎಜ್‌ವೇರ್ ಮತ್ತು ರೀಜೆಂಟ್ ವಿದ್ಯಾರ್ಥಿಗಳಿಗೆ. 1010 ಮಾದರಿಯ ಒಳರಂಧ್ರ 15.2 ಮಿಲಿಮೀಟರ್‌ನಷ್ಟು ಅಗಲವಾದದ್ದು, ಫ್ರೆಂಚ್ ವಾದ್ಯಗಳಲ್ಲಿ ಅದು 14.6ರ ಆಸುಪಾಸು, ಆದ್ದರಿಂದ 1010ಕ್ಕೆ ಸಾಮಾನ್ಯ ಮೌತ್‌ಪೀಸ್ ಹಾಕಿದರೆ ಶ್ರುತಿ ಕೆಡುತ್ತದೆ. ಈ ಮನೆತನದ ಹಳೆಯ ತಯಾರಿಕೆಯ ಲೆಡ್ಜರ್‌ಗಳು ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂನಲ್ಲಿ ಉಳಿದಿರುವುದು ನಮ್ಮಂಥವರ ಪಾಲಿಗೆ ಬಹು ದೊಡ್ಡ ಉಪಕಾರ.

ಪೆಟ್ಟಿಗೆಯ ಚೀಟಿ

ನಂಬರ್ ಸವೆದು ಹೋಗಿದ್ದರೆ ಅಥವಾ ಪಟ್ಟಿಯೇ ಇಲ್ಲದ ಕಂಪನಿಯದಾದರೆ, ವಾದ್ಯದ ಪೆಟ್ಟಿಗೆಯನ್ನು ಹುಡುಕಬೇಕು. ಒಳಗಿನ ಮಖಮಲ್ಲಿನ ಕೆಳಗೆ, ರೀಡ್ ಇಡುವ ಪುಟ್ಟ ಗೂಡಿನಲ್ಲಿ, ಮುಚ್ಚಳದ ಒಳಬದಿಯಲ್ಲಿ ಅಂಗಡಿಯ ಚೀಟಿಯೋ ಬಿಲ್ಲಿನ ತುಂಡೋ ಸಿಗುತ್ತದೆ. ಆಲಮಟ್ಟಿ ಹಿನ್ನೀರಿನಿಂದಾಗಿ ಹಳೆಯ ಬಾಗಲಕೋಟೆ ಬಿಟ್ಟು ನವನಗರಕ್ಕೆ ಬಂದ ಮನೆಗಳಲ್ಲಿ ಬೇರೆ ಕಾಗದಪತ್ರ ಉಳಿಯದಿದ್ದರೂ ಪೆಟ್ಟಿಗೆಗೆ ಅಂಟಿದ ಚೀಟಿ ಉಳಿದಿರಬಹುದು.

ವಿಳಾಸದಲ್ಲಿ ಬೆಳಗಾವಿ ಅಥವಾ ಬಿಜಾಪುರದ ಮುಂದೆ ಮುಂಬೈ ರಾಜ್ಯ ಎಂದಿದ್ದರೆ ಅದು 1956ರ ನವೆಂಬರ್ 1ಕ್ಕಿಂತ ಹಿಂದಿನದು. ಮೈಸೂರು ರಾಜ್ಯ ಎಂದಿದ್ದರೆ ಅಲ್ಲಿಂದ 1973ರ ನವೆಂಬರ್ 1ರವರೆಗಿನದು. ಕರ್ನಾಟಕ ಎಂದಿದ್ದರೆ ಅನಂತರದ್ದು. ಆರಂಕಿಯ ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮೊದಲು ಬಾಂಬೆಯ ಅಂಗಡಿಗಳು ಊರಿನ ಹೆಸರಿನ ಮುಂದೆ ಒಂದೆರಡು ಅಂಕಿಗಳನ್ನಷ್ಟೇ ಬರೆಯುತ್ತಿದ್ದವು. ಬೆಲೆ ರೂಪಾಯಿ ಆಣೆಗಳಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು. ನಯಾ ಪೈಸೆ ಎಂದಿದ್ದರೆ 1957ರಿಂದ 1964ರ ನಡುವಿನದು.

ಒಂದು ಉದಾಹರಣೆ ನೋಡೋಣ. ವಾದ್ಯದ ಮೇಲೆ ಬೂಸಿ ಅಂಡ್ ಹಾಕ್ಸ್, ರೀಜೆಂಟ್ ಎಂದಿದೆ, ಬೋಮ್ ಪದ್ಧತಿ, ಎರಡೂ ಜಾಯಿಂಟ್‌ಗಳ ನಂಬರ್ ಒಂದೇ, ಪೆಟ್ಟಿಗೆಯಲ್ಲಿ ಬಾಂಬೆಯ ಅಂಗಡಿಯೊಂದರ ಬಿಲ್ಲಿನ ತುಂಡು, ಬೆಲೆಯಲ್ಲಿ ನಯಾ ಪೈಸೆ. ಮುದ್ರೆಯಿಂದ 1930ರ ನಂತರದ್ದೆಂದೂ, ಬಿಲ್ಲಿನಿಂದ 1957ರಿಂದ 1964ರ ನಡುವೆ ಮಾರಾಟವಾಯಿತೆಂದೂ, ಹೆಸರಿನಿಂದ ವಿದ್ಯಾರ್ಥಿ ಮಾದರಿಯೆಂದೂ ನಂಬರ್ ಮುಟ್ಟುವ ಮೊದಲೇ ತಿಳಿಯಿತು. ಈಗ ನಂಬರನ್ನು ಪಟ್ಟಿಯಲ್ಲಿ ನೋಡಿದಾಗ 1950ರ ದಶಕದ ಕೊನೆ ಎಂದು ಬಂದರೆ ಎಲ್ಲವೂ ಹೊಂದಿತು. 1970ರ ದಶಕ ಎಂದು ಬಂದರೆ ಪೆಟ್ಟಿಗೆ ಬದಲಾಗಿದೆ, ಇಲ್ಲವೇ ಅಂಕಿಯೊಂದನ್ನು ತಪ್ಪಾಗಿ ಓದಲಾಗಿದೆ; ಮತ್ತೆ ಟಾರ್ಚ್ ಹಿಡಿಯಬೇಕು. ಚೀಟಿ ಹೇಳುವುದು ಮಾರಾಟದ ಕಾಲವನ್ನು, ನಂಬರ್ ಹೇಳುವುದು ತಯಾರಿಕೆಯ ಕಾಲವನ್ನು. ಎರಡರ ನಡುವೆ ಕೆಲವು ವರ್ಷಗಳ ಅಂತರ ಇರುವುದು ಸಹಜ.

ಕಂಪನಿಗೋ ಮ್ಯೂಸಿಯಂಗೋ ವಿಚಾರಿಸಿ ಮಿಂಚಂಚೆ ಬರೆಯುವಾಗ ಮುದ್ರೆಯ ಪೂರ್ಣ ಪಾಠ, ಅಕ್ಷರ ಸಹಿತ ನಂಬರ್, ಕೀ ಮತ್ತು ಉಂಗುರಗಳ ಎಣಿಕೆ, ಮೌತ್‌ಪೀಸ್ ಬಿಟ್ಟು ವಾದ್ಯದ ಉದ್ದ, ಮೈಯ ವಸ್ತು ಇವಿಷ್ಟನ್ನು ಬರೆದು, ಮುದ್ರೆ, ನಂಬರ್ ಮತ್ತು ಇಡೀ ವಾದ್ಯದ ಮುಂಬದಿ ಹಿಂಬದಿಗಳ ಫೋಟೋ ಕಳಿಸಬೇಕು. ಅದೇ ವಿವರಗಳ ಒಂದು ಪ್ರತಿಯನ್ನು ಪೆಟ್ಟಿಗೆಯಲ್ಲಿಡದೆ ಮನೆಯ ಬೇರೆ ಕಾಗದಪತ್ರಗಳೊಂದಿಗೆ ಇಟ್ಟುಕೊಳ್ಳಬೇಕು. ಗಣೇಶ ಚೌತಿಯ ಮೆರವಣಿಗೆಯಲ್ಲೋ ಲಗ್ನದ ಗದ್ದಲದಲ್ಲೋ ವಾದ್ಯ ಪೆಟ್ಟಿಗೆ ಸಮೇತ ಕಾಣೆಯಾದರೆ ಪೊಲೀಸ್ ಠಾಣೆಯಲ್ಲಿ ತೋರಿಸಲು ಉಳಿಯುವುದು ಆ ಪ್ರತಿ ಮಾತ್ರ.